ನಡುವೆ ಬಂದವರು ಯಾರು? ‘ಇಂಟರ್ವೀನ್’ ಪದವನ್ನು ಕನ್ನಡಕ್ಕೆ ತಂದ ನನ್ನ ಅನುಭವ

ನಾನು ಅನುವಾದದ ಕೆಲಸಕ್ಕೆ ಇಳಿದು ಎರಡನೇ ವರ್ಷ. ಮೈಸೂರಿನಲ್ಲಿ ಒಬ್ಬ ಹಿರಿಯ ವಕೀಲರಿಗೆ ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡ ಮಾಡಿಕೊಡುತ್ತಿದ್ದೆ. ಒಂದು ಊರಿನ ಗುಂಡುತೋಪಿನ ಬಗ್ಗೆ ಇಬ್ಬರ ಮಧ್ಯೆ ಕೇಸು ನಡೆಯುತ್ತಿತ್ತು. ಆ ತೋಪಿನಲ್ಲಿ ದನ ಮೇಯಿಸುವವರು, ಹುಣಸೆಹಣ್ಣು ಆಯುವವರು ಊರಿನ ಜನ. ಅವರು ಕೇಸಿನಲ್ಲಿ ಪಾರ್ಟಿಗಳೇ ಅಲ್ಲ. ಆದರೆ ತೀರ್ಪು ಯಾರ ಕಡೆಗೆ ಬಂದರೂ ಪೆಟ್ಟು ಬೀಳುವುದು ಅವರಿಗೇ. ಅದಕ್ಕೆ ‘ನಮ್ಮ ಮಾತನ್ನೂ ಕೇಳಿ’ ಅಂತ ಒಂದು ಅರ್ಜಿ ಹಾಕಿಕೊಂಡಿದ್ದರು. ಇಂಗ್ಲಿಷಿನಲ್ಲಿ ಅದು ‘ಇಂಟರ್ವೀನ್’ ಮಾಡಲು ಅನುಮತಿ ಕೋರುವ ಅರ್ಜಿ. ನಾನು ನಿಘಂಟು ತೆಗೆದು ಮೊದಲು ಕಣ್ಣಿಗೆ ಬಿದ್ದ ಪದವನ್ನೇ ಎತ್ತಿಕೊಂಡೆ. ‘ಅರ್ಜಿದಾರರು ಈ ಪ್ರಕರಣದಲ್ಲಿ ಹಸ್ತಕ್ಷೇಪ ಮಾಡಲು ಅನುಮತಿ ಕೋರುತ್ತಾರೆ’ ಅಂತ ಬರೆದೆ.

ವಕೀಲರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಏನಮ್ಮ ಇದು? ನಮ್ಮ ಪಾರ್ಟಿಗಳು ತಪ್ಪು ಮಾಡೋಕೆ ಕೋರ್ಟಿನ ಪರ್ಮಿಷನ್ ಕೇಳ್ತಿದಾರಾ?’

ನನಗೆ ತಕ್ಷಣ ಹೊಳೆಯಿತು. ಕನ್ನಡದಲ್ಲಿ ಹಸ್ತಕ್ಷೇಪ ಅಂದರೆ ಬೇಡದ ಕಡೆ ಕೈ ಹಾಕುವುದು. ‘ಹಸ್ತಕ್ಷೇಪ ಮಾಡಬೇಡಿ’ ಅಂತ ಹೇಳುತ್ತೇವೆ. ‘ದಯವಿಟ್ಟು ಬಂದು ಹಸ್ತಕ್ಷೇಪ ಮಾಡಿ’ ಅಂತ ಯಾರೂ ಕರೆಯುವುದಿಲ್ಲ. ಆ ಊರಿನವರು ಯಾರ ತಂಟೆಗೂ ಹೋದವರಲ್ಲ. ನನ್ನ ಒಂದು ಪದದಿಂದ ಅವರು ತಂಟೆಕೋರರಾಗಿದ್ದರು. ಅದನ್ನು ‘ಮಧ್ಯಪ್ರವೇಶಿಸಲು’ ಅಂತ ತಿದ್ದಿದೆ. ಕೋರ್ಟಿಗೆ ಅಷ್ಟು ಸಾಕಿತ್ತು, ನನಗೆ ಸಾಲಲಿಲ್ಲ. ಅವತ್ತು ಸಂಜೆ 200 ಪುಟದ ಒಂದು ನೋಟ್‌ಬುಕ್ ಕೊಂಡೆ. ಈ ಪದ ಎಲ್ಲಿ ಕಂಡರೂ ಆ ಸಾಲನ್ನು ಅದರಲ್ಲಿ ಬರೆದಿಡಲು ಶುರು ಮಾಡಿದೆ. ಈಗ 18 ವರ್ಷ ಆಯಿತು.

ಮೊದಲು ಪದದ ಬೇರು ಹುಡುಕಿದೆ. ಬೇರು ಗೊತ್ತಾದ ಮಾತ್ರಕ್ಕೆ ಇವತ್ತಿನ ಅರ್ಥ ಗೊತ್ತಾಗುವುದಿಲ್ಲ, ನಿಜ. ಆದರೂ ಪದದ ಹುಟ್ಟಿನಲ್ಲೇ ತಪ್ಪು-ಸರಿ ಅನ್ನುವುದು ಇತ್ತಾ, ಆಮೇಲೆ ಯಾರಾದರೂ ಅಂಟಿಸಿದರಾ ಅಂತ ನನಗೆ ತಿಳಿಯಬೇಕಿತ್ತು.

ಇದು ಲ್ಯಾಟಿನ್ ಪದ. ‘ಇಂಟರ್’ ಅಂದರೆ ನಡುವೆ, ‘ವೆನೀರೆ’ ಅಂದರೆ ಬರುವುದು. ಅಷ್ಟೇ. ಜೂಲಿಯಸ್ ಸೀಸರ್ ಕ್ರಿ.ಪೂ. 47ರಲ್ಲಿ ಈಗಿನ ಟರ್ಕಿಯಲ್ಲಿರುವ ಜೆಲಾದ ಯುದ್ಧ ಗೆದ್ದು ಹೇಳಿದ ‘ವೇನಿ, ವಿಡಿ, ವಿಕಿ’ ಮಾತು ಬಹಳ ಜನಕ್ಕೆ ಗೊತ್ತು. ಬಂದೆ, ನೋಡಿದೆ, ಗೆದ್ದೆ. ಅಲ್ಲಿನ ‘ಬಂದೆ’ಯೇ ಇಲ್ಲಿ ಕೂತಿರುವುದು. ಯಾರು ಬಂದರು, ಕರೆದಿದ್ದಕ್ಕೆ ಬಂದರೋ ನುಗ್ಗಿ ಬಂದರೋ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಒಂದನ್ನೂ ಆ ಪದ ಹೇಳುವುದಿಲ್ಲ. ಇಬ್ಬರ ಅಥವಾ ಎರಡರ ನಡುವೆ ಏನೋ ಬಂತು ಅನ್ನುತ್ತದೆ, ಅಲ್ಲಿಗೆ ಮುಗಿಯಿತು.

ಇದೇ ‘ವೆನೀರೆ’ಗೆ ಇಂಗ್ಲಿಷಿನಲ್ಲಿ ದೊಡ್ಡ ಸಂಸಾರ ಇದೆ. ಒಟ್ಟಿಗೆ ಬಂದರೆ ‘ಕನ್ವೀನ್’. ಮುಂಚೆಯೇ ಬಂದು ನಿಂತರೆ ‘ಪ್ರಿವೆಂಟ್’. ಹೊರಗೆ ಬಂದದ್ದು ‘ಇವೆಂಟ್’. ವಾಪಸ್ ಬಂದದ್ದು ‘ರೆವೆನ್ಯೂ’. ನಮ್ಮ ಕಂದಾಯ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲೂ ಈ ‘ಬರುವುದು’ ಸೇರಿಕೊಂಡಿದೆ. ಮದುವೆ ಕಾರ್ಡಿನಲ್ಲಿ ಹಾಕುವ ‘ವೆನ್ಯೂ’ ಕೂಡ ಇದೇ ಮನೆಯದು.

ನೋಟ್‌ಬುಕ್ಕಿನಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಇದರ ಮುಂದಿನದು. ಲ್ಯಾಟಿನ್, ಸಂಸ್ಕೃತ, ಇಂಗ್ಲಿಷ್ ಮೂರೂ ಹಿಂದೊಮ್ಮೆ ಒಂದೇ ನುಡಿಯಿಂದ ಕವಲೊಡೆದವು. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಣ ಮಾಡುತ್ತಾ ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಒಂದೇ ಮೂಲ ಇರಬೇಕು ಅಂದಿದ್ದರು. ಆ ಹಳೆಯ ನುಡಿಯಲ್ಲಿ ‘ಗ್ವ’ದ ಹತ್ತಿರದ ಒಂದು ಸದ್ದು ಇತ್ತು. ಅದು ಸಂಸ್ಕೃತದಲ್ಲಿ ‘ಗ’ ಆಯಿತು, ಲ್ಯಾಟಿನ್‌ನಲ್ಲಿ ‘ವ’ ಆಯಿತು, ಇಂಗ್ಲಿಷಿನಲ್ಲಿ ‘ಕ’ ಆಯಿತು. ಹಾಗಾಗಿ ಸಂಸ್ಕೃತದ ‘ಗಮ್’, ಲ್ಯಾಟಿನ್‌ನ ‘ವೆನೀರೆ’, ಇಂಗ್ಲಿಷಿನ ‘ಕಮ್’ ಮೂರೂ ಒಂದೇ ಬೇರಿನವು. ನಂಬಿಕೆ ಬರಲಿಲ್ಲವಾ? ಗೋವು ಅನ್ನುವುದನ್ನೂ ಇಂಗ್ಲಿಷಿನ ‘ಕೌ’ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಗಕಾರ ಕಕಾರವಾಗಿದೆ. ಕಾಲೇಜಿನಲ್ಲಿ ಮಕ್ಕಳು ಹೆದರುವ ‘ವೈವಾ’ ಪರೀಕ್ಷೆಯ ಹೆಸರಿಗೆ ಜೀವಂತ ಅಂತ ಅರ್ಥ, ಜೀವಂತ ದನಿಯಲ್ಲಿ ಉತ್ತರ ಹೇಳುವ ಪರೀಕ್ಷೆ ಅದು. ನಮ್ಮ ‘ಜೀವ’ವೂ ಆ ‘ವೈವಾ’ವೂ ಅದೇ ಸದ್ದಿನಿಂದ ಬಂದವು. ಸಂಸ್ಕೃತದಲ್ಲಿ ಮುಂದಿನ ಸ್ವರದ ಎಳೆತಕ್ಕೆ ಗಕಾರ ಜಕಾರವಾಗಿದೆ.

ಇನ್ನು ‘ಇಂಟರ್’ ಅನ್ನುವುದು ಸಂಸ್ಕೃತದ ‘ಅಂತರ್’. ಅಂದರೆ ‘ಇಂಟರ್ವೀನ್’ ಪದದ ಎರಡು ತುಂಡನ್ನೂ ಸಂಸ್ಕೃತಕ್ಕೆ ತಿರುಗಿಸಿದರೆ ಅಂತರ್ ಜೊತೆ ಗಮ್. ಅದರಿಂದ ಆದ ಪದ ನಮ್ಮಲ್ಲಿ ಆಗಲೇ ಇದೆ, ‘ಅಂತರ್ಗತ’. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಬೇರು, ಒಂದೇ ಜೋಡಣೆ. ಅಲ್ಲಿ ಅದು ನಡುವೆ ಬಂದು ನಿಂತಿತು. ಇಲ್ಲಿ ಒಳಗೆ ಸೇರಿ ಅಡಗಿ ಕೂತಿತು. ಕೋರ್ಟಿನ ಕಾಗದದಲ್ಲಿ ‘ಅಂತರ್ಗತರಾಗಲು ಅನುಮತಿ ಕೋರುತ್ತಾರೆ’ ಅಂತ ಬರೆಯೋಕಾಗುತ್ತಾ? ಬೇರಿನ ನಂಟು ಎಷ್ಟು ಹತ್ತಿರವಾದರೂ ಅನುವಾದಕ್ಕೆ ಅದನ್ನು ನೆಚ್ಚಿಕೊಳ್ಳಬಾರದು ಅಂತ ಅಲ್ಲೇ ಪೆನ್ನಿನಲ್ಲಿ ಬರೆದಿಟ್ಟುಕೊಂಡೆ.

ಒಂದು ಮಾತು. ನಮ್ಮ ‘ಬರು’, ತಮಿಳಿನ ‘ವರು’ ಇವೂ ‘ವೆನೀರೆ’ ಥರವೇ ಕೇಳಿಸುತ್ತವೆ. ಆದರೆ ಇವು ದ್ರಾವಿಡ ಪದಗಳು. ಸದ್ದಿನ ಹೋಲಿಕೆ ಅಷ್ಟೇ, ನಂಟಸ್ತಿಕೆ ಇಲ್ಲ.

ಇಂಗ್ಲಿಷಿಗೆ ಈ ಕ್ರಿಯಾಪದ ಬಂದದ್ದು 1580ರ ದಶಕದ ಹೊತ್ತಿಗೆ. ಅದರ ನಾಮಪದ ‘ಇಂಟರ್ವೆನ್ಷನ್’ ಅದಕ್ಕೂ ಹಳೆಯದು, 15ನೇ ಶತಮಾನದ ಶುರುವಿನಲ್ಲೇ ಸಿಗುತ್ತದೆ. ಆಗ ಅದರ ಅರ್ಥ ಬೇರೆಯವರ ಪರವಾಗಿ ಮಾಡುವ ಪ್ರಾರ್ಥನೆ. ಮನುಷ್ಯನಿಗೂ ದೇವರಿಗೂ ನಡುವೆ ಸಂತರೊಬ್ಬರು ಬಂದು ‘ಇವನನ್ನು ಕಾಪಾಡು’ ಅಂತ ಬೇಡಿಕೊಳ್ಳುವುದು. ಹಸ್ತಕ್ಷೇಪದಿಂದ ಇದು ಎಷ್ಟು ದೂರ ನೋಡಿ. ಗುಂಡುತೋಪಿನ ಅರ್ಜಿ ಬರೆಯುವಾಗ ಇದು ಗೊತ್ತಿದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಹಾಗಾದರೆ ಬೇಡದ ಕಡೆ ಕೈ ಹಾಕುವ ಅರ್ಥ ಇಂಗ್ಲಿಷಿನ ಯಾವ ಪದದಲ್ಲಿ ಜಾಸ್ತಿ ಇದೆ? ‘ಇಂಟರ್‌ಫಿಯರ್’ನಲ್ಲಿ. ಅದರ ಬೇರು ಬೇರೆಯೇ. ಹಳೆಯ ಫ್ರೆಂಚ್‌ನಲ್ಲಿ ಒಬ್ಬರಿಗೊಬ್ಬರು ಹೊಡೆದುಕೊಳ್ಳುವುದು ಅಂತ ಅದರ ಅರ್ಥ. ಇಂಗ್ಲಿಷಿನಲ್ಲಿ ಮೊದಮೊದಲು ಕುದುರೆಗಳಿಗೆ ಈ ಪದ ಬಳಸುತ್ತಿದ್ದರು. ನಡೆಯುವಾಗ ಒಂದು ಕಾಲಿನ ಗೊರಸು ಪಕ್ಕದ ಕಾಲಿಗೆ ಬಡಿದರೆ ಆ ಕುದುರೆ ‘ಇಂಟರ್‌ಫಿಯರ್’ ಮಾಡುತ್ತದೆ ಅಂತಿದ್ದರು. ಕುದುರೆ ಸಾಕುವವರು ಈಗಲೂ ಹಾಗೇ ಅಂತಾರೆ.

ಪುಸ್ತಕದಲ್ಲಿ ಓದಿದ್ದು ನನಗೆ ಸರಿಯಾಗಿ ಕಣ್ಣಿಗೆ ಕಟ್ಟಲಿಲ್ಲ. ಒಂದು ಬೆಳಿಗ್ಗೆ ಮೈಸೂರಿನಲ್ಲಿ ಟಾಂಗಾ ಗಾಡಿ ನಿಲ್ಲಿಸುವ ಕಡೆ ಹೋದೆ. ವಯಸ್ಸಾದ ಸಾಹೇಬರೊಬ್ಬರು ಕುದುರೆಗೆ ಹುಲ್ಲು ಹಾಕುತ್ತಿದ್ದರು. ‘ಕುದುರೆ ಕಾಲು ಒಂದಕ್ಕೊಂದು ಬಡಿಯುತ್ತಂತೆ, ಹೌದಾ ಸಾಹೇಬ್ರೆ?’ ಅಂತ ಕೇಳಿದೆ. ಅವರು ಮಾತಾಡದೆ ಬಗ್ಗಿ ಕುದುರೆಯ ಹಿಂಗಾಲಿನ ಒಳಮೈ ತೋರಿಸಿದರು. ಗೊರಸಿನ ಮೇಲಿನ ಗಂಟಿನ ಹತ್ತಿರ ರೂಪಾಯಿ ಅಗಲದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಚರ್ಮ ದಪ್ಪವಾಗಿ, ಕಪ್ಪಾಗಿ, ನುಣುಪಾಗಿತ್ತು.

‘ಸುಸ್ತಾದಾಗ ಜಾಸ್ತಿ ಬಡಿತದೆ ಅಮ್ಮ. ಲಾಳ ಸರಿ ಕೂತಿಲ್ಲ ಅಂದ್ರೂ ಬಡಿತದೆ. ಅದಕ್ಕೆ ಬೇಕು ಅಂತ ಅಲ್ಲ, ಅದರದೇ ಕಾಲು ಅದಕ್ಕೇ ಏಟು.’

ಆ ಜಾಗಕ್ಕೆ ಏಟು ಬೀಳದಿರಲಿ ಅಂತ ಅವರು ದಪ್ಪ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ನಾನು ಬಗ್ಗಿ ಆ ಕಲೆ ಮುಟ್ಟಿ ನೋಡಿದೆ. ನಮ್ಮ ‘ಅಡ್ಡಗಾಲು ಹಾಕು’ ಆಗ ನೆನಪಾಯಿತು. ಎಲ್ಲಿಯ ಫ್ರೆಂಚ್, ಎಲ್ಲಿಯ ಕನ್ನಡ. ಎರಡು ಕಡೆಯೂ ಕೆಲಸ ಕೆಡುವ ಮಾತಿಗೆ ಕಾಲನ್ನೇ ತಂದಿದ್ದಾರೆ. ಅಂದಿನಿಂದ ‘ಇಂಟರ್‌ಫಿಯರ್’ ಕಂಡರೆ ನನಗೆ ಮೊದಲು ಆ ಕಪ್ಪು ಕಲೆಯೇ ಕಣ್ಣ ಮುಂದೆ ಬರುತ್ತದೆ. ‘ಹಸ್ತಕ್ಷೇಪ’, ‘ಅಡ್ಡಿ’, ‘ಅಡ್ಡಗಾಲು’ ಇವನ್ನೆಲ್ಲ ಅದಕ್ಕೇ ಮೀಸಲಿಟ್ಟೆ.

ಆ ಮೇಲೆ ಕನ್ನಡದ ಕಡೆಯಿಂದ ಪಟ್ಟಿ ಮಾಡಲು ಕೂತೆ. ನಡುವೆ ಬರುವುದಕ್ಕೆ ನಮ್ಮಲ್ಲಿ ಏನೇನು ಮಾತಿದೆ? ಕೈ ಹಾಕುವುದು. ಮೂಗು ತೂರಿಸುವುದು. ಬಾಯಿ ಹಾಕುವುದು. ತಲೆ ಹಾಕುವುದು. ಅಡ್ಡಗಾಲು ಹಾಕುವುದು. ಬರೆದು ಮುಗಿಸಿ ನೋಡಿದರೆ ಒಂದು ವಿಷಯ ಕಂಡಿತು. ಕನ್ನಡದಲ್ಲಿ ನಡುವೆ ಬರುವುದು ಇಡೀ ಮನುಷ್ಯ ಅಲ್ಲ, ಅವನ ಮೈಯ ಒಂದು ಭಾಗ. ಯಾವ ಭಾಗ ಬಂತು ಅನ್ನುವುದರಲ್ಲೇ ಅವನು ಬಂದ ಉದ್ದೇಶವೂ ತಿಳಿಯುತ್ತದೆ. ಮೂಗು ಬಂದರೆ ಕುತೂಹಲ. ಬಾಯಿ ಬಂದರೆ ಇನ್ನೊಬ್ಬರ ಮಾತಿಗೆ ಕತ್ತರಿ. ಕಾಲು ಬಂದರೆ ಬೇಕಂತಲೇ ಕೆಡಿಸುವುದು. ‘ಹಸ್ತಕ್ಷೇಪ’ವೂ ಇದೇ ಸಾಲಿನದು, ಕೈಯನ್ನು ಒಳಗೆ ಎಸೆಯುವುದು.

ಇಡೀ ಮನುಷ್ಯ ಬಂದಾಗ ಮಾತು ಬೇರೆ. ‘ಹಿರಿಯರು ನಡುವೆ ಬಂದರು.’ ‘ಊರವರು ಬಂದು ಜಗಳ ಬಿಡಿಸಿದರು.’ ಈ ‘ಬಿಡಿಸು’ ನನಗೆ ಬಹಳ ಮೆಚ್ಚುಗೆಯ ಪದ. ಇಬ್ಬರು ಕಾಲರ್ ಹಿಡಿದು ನಿಂತಿರುವಾಗ ಬೆರಳು ಬೆರಳಾಗಿ ಬಿಡಿಸುವುದು ಅದರೊಳಗೆ ಕಾಣುತ್ತದೆ. ಪತ್ರಿಕೆಯಲ್ಲಿ ‘ಪೊಲೀಸರು ಮಧ್ಯಪ್ರವೇಶಿಸಿ ಪರಿಸ್ಥಿತಿ ತಿಳಿಗೊಳಿಸಿದರು’ ಅಂತ ಓದುತ್ತೇವೆ. ಅದೇ ಬೀದಿಯಲ್ಲಿ ನಿಂತು ನೋಡಿದವರು ‘ಪೊಲೀಸ್ನೋರು ಬಂದು ಬಿಡಿಸಿದ್ರು’ ಅಂತಾರೆ. ಎರಡನೆಯದನ್ನು ಬರೆಯೋಕೆ ಜಾಗ ಇದ್ದರೆ ನಾನು ಎರಡನೆಯದನ್ನೇ ಬರೆಯುತ್ತೇನೆ.

ಹೀಗೆ ಕೆಲಸ ಮಾಡುತ್ತಾ ನನಗೆ ಒಂದು ಅಭ್ಯಾಸ ಆಯಿತು. ಈ ಪದ ಬಂದ ಕೂಡಲೇ ನಿಘಂಟು ತೆಗೆಯುವುದಿಲ್ಲ. ಮೊದಲು ವಾಕ್ಯವನ್ನು ಕೇಳುತ್ತೇನೆ: ಬಂದದ್ದು ಯಾರು? ಕರೆದಿದ್ದರಾ? ಬಂದು ಏನು ಮಾಡಿದರು? ಇಂಗ್ಲಿಷ್ ಇದನ್ನೆಲ್ಲ ಹೇಳದೆ ಮುಂದೆ ಹೋಗಬಹುದು. ಕನ್ನಡ ಹಾಗೆ ಬಿಡುವುದಿಲ್ಲ.

ವಿಶ್ವಸಂಸ್ಥೆಯ ಬಗ್ಗೆ ಒಂದು ಪಾಠ ಕನ್ನಡ ಮಾಡುವಾಗ ಇದು ತುಂಬಾ ಉಪಯೋಗಕ್ಕೆ ಬಂತು. 1945ರ ಸನ್ನದಿನ 2ನೇ ವಿಧಿಯ 7ನೇ ಖಂಡದ ಪ್ರಕಾರ, ಒಂದು ದೇಶದ ಆಂತರಿಕ ವಿಷಯಗಳಲ್ಲಿ ವಿಶ್ವಸಂಸ್ಥೆ ‘ಇಂಟರ್ವೀನ್’ ಮಾಡುವಂತಿಲ್ಲ. ಆ ಸನ್ನದಿನ ಜೊತೆಗೇ ಅಂತರರಾಷ್ಟ್ರೀಯ ನ್ಯಾಯಾಲಯದ ನಿಯಮಾವಳಿಯೂ ಸೇರಿದೆ. ಅದರ 62ನೇ ವಿಧಿ ಹೇಳುವುದೇ ಬೇರೆ. ಬೇರೆ ದೇಶಗಳ ವ್ಯಾಜ್ಯದ ತೀರ್ಪಿನಿಂದ ತನ್ನ ಕಾನೂನುಬದ್ಧ ಹಿತಕ್ಕೆ ಧಕ್ಕೆ ಬರಬಹುದು ಅಂತ ಒಂದು ದೇಶಕ್ಕೆ ಅನ್ನಿಸಿದರೆ, ‘ಇಂಟರ್ವೀನ್’ ಮಾಡಲು ಅದು ಅನುಮತಿ ಕೇಳಬಹುದು. ಒಂದೇ ಕಟ್ಟಿನ ಕಾಗದ. ಒಂದು ಕಡೆ ಕೂಡದು, ಇನ್ನೊಂದು ಕಡೆ ಕೇಳಿ ಪಡೆಯಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ನಡೆಯುತ್ತದೆ. ಕನ್ನಡದಲ್ಲಿ ಎರಡೂ ಕಡೆ ‘ಹಸ್ತಕ್ಷೇಪ’ ಬರೆದರೆ ಮಕ್ಕಳಿಗೆ ತಲೆ ಕೆಡುತ್ತದೆ. ಮೊದಲನೆಯದಕ್ಕೆ ‘ಹಸ್ತಕ್ಷೇಪ ಮಾಡುವಂತಿಲ್ಲ’, ಎರಡನೆಯದಕ್ಕೆ ‘ವ್ಯಾಜ್ಯದಲ್ಲಿ ತನ್ನ ಮಾತನ್ನೂ ಕೇಳುವಂತೆ ಕೋರಬಹುದು’ ಅಂತ ಬರೆದೆ. ಎರಡನೆಯದು ಗುಂಡುತೋಪಿನವರ ಅರ್ಜಿಯೇ, ದೇಶಗಳ ಮಟ್ಟದಲ್ಲಿ.

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಗೂ 1976ರ ತಿದ್ದುಪಡಿಯಲ್ಲಿ ಇಂಥದ್ದೊಂದು ನಿಯಮ ಸೇರಿತು, 1ನೇ ಆದೇಶದ 8ಎ. ದಾವೆಯಲ್ಲಿರುವ ಕಾನೂನಿನ ಪ್ರಶ್ನೆಯಲ್ಲಿ ಆಸಕ್ತಿ ಇರುವವರು ಇದ್ದು, ಅವರ ಅಭಿಪ್ರಾಯ ಕೇಳುವುದು ಸಾರ್ವಜನಿಕ ಹಿತಕ್ಕೆ ಬೇಕು ಅಂತ ಕೋರ್ಟಿಗೆ ಅನ್ನಿಸಿದರೆ ಅವರಿಗೆ ಅವಕಾಶ ಕೊಡಬಹುದು. ಆ ನಿಯಮ ಓದಿ ನೋಡಿ. ಅಭಿಪ್ರಾಯ ಮಂಡಿಸುವುದು, ಭಾಗವಹಿಸುವುದು ಅಂತಷ್ಟೇ ಇದೆ. ಎಷ್ಟು ಚೆನ್ನಾಗಿದೆ ಅಲ್ವಾ? ಮಾತನ್ನು ಬಿಡಿಸಿ ಹೇಳಿದರೆ ಹೀಗಿರುತ್ತದೆ.

ನನ್ನ ಮನಸ್ಸಿಗೆ ತುಂಬಾ ನಾಟಿದ ಪಾಠ ಕೋರ್ಟಿನದಲ್ಲ. ಕಿವಿ ಕೇಳದ ಮಕ್ಕಳ ಬಗ್ಗೆ ಒಂದು ಕರಪತ್ರ ಕನ್ನಡ ಮಾಡಿಕೊಡುವ ಕೆಲಸ ಬಂತು. ಮಗು ಹುಟ್ಟಿದ 1 ತಿಂಗಳೊಳಗೆ ಕಿವಿ ಪರೀಕ್ಷೆ, ತೊಂದರೆ ಕಂಡರೆ 3 ತಿಂಗಳೊಳಗೆ ಖಚಿತಪಡಿಸುವುದು, 6 ತಿಂಗಳೊಳಗೆ ‘ಇಂಟರ್ವೆನ್ಷನ್’ ಶುರು ಮಾಡುವುದು. 1-3-6 ಅಂತ ಆ ಕೆಲಸದವರು ಬಾಯಿಪಾಠ ಹೇಳುತ್ತಾರೆ. ಅಂದರೆ ಕಿವಿಗೆ ಯಂತ್ರ ಹಾಕುವುದು, ಮಾತಿನ ತರಬೇತಿ, ಸನ್ನೆ ಭಾಷೆ, ಮನೆಯವರಿಗೆ ಕಲಿಸುವುದು, ಎಲ್ಲ ಸೇರಿ. ಅವತ್ತು ಕೆಲಸದ ಅವಸರ. ಹಳೆಯ ಕಡತಗಳಲ್ಲಿ ಬಳಸಿದ್ದ ‘ಆರಂಭಿಕ ಹಸ್ತಕ್ಷೇಪ’ ಅನ್ನುವುದನ್ನೇ ನಾನೂ ಹಾಕಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟ ತಪ್ಪನ್ನು ಮತ್ತೆ ಮಾಡಿದ್ದೆ.

ಅಚ್ಚಿಗೆ ಕೊಡುವ ಮುಂಚೆ ಆರು ತಾಯಂದಿರನ್ನು ಕೂರಿಸಿ ಓದಿಸಿದೆವು. ಒಬ್ಬ ತಾಯಿ ಎಂಟು ತಿಂಗಳ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ಆ ಸಾಲಿಗೆ ಬಂದು ಬೆರಳಿಟ್ಟು ನಿಂತಳು. ಇನ್ನೊಮ್ಮೆ ಓದಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು.

‘ಮೇಡಂ, ನಾನೇನೋ ತಪ್ಪು ಮಾಡ್ದೆ, ಅದಕ್ಕೆ ನೀವು ನಡುವೆ ಬರ್ತಿದೀರಾ?’

ಅಲ್ಲಮ್ಮ, ಅಲ್ಲ ಅಂತ ನಾನು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅಂಥ ತಾಯಂದಿರಿಗೆ ಮನೆಯವರು, ಅಕ್ಕಪಕ್ಕದವರು ಆಗಲೇ ಬೇಕಾದಷ್ಟು ಅಂದಿರುತ್ತಾರೆ. ಬಸುರಿಯಾಗಿದ್ದಾಗ ಏನು ತಿಂದೆ, ಎಲ್ಲಿ ಹೋದೆ ಅಂತ. ನಾನೂ ಆ ಸಾಲಿಗೆ ಸೇರಿದಂತೆ ಆಗಿತ್ತು. ಅಲ್ಲೇ ಕೂತು ಆ ಆರು ಜನರನ್ನೇ ಕೇಳಿದೆ, ಇದನ್ನು ಹೇಗೆ ಹೇಳಬೇಕು ಅಂತ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ಹೇಳಿದಳು: ‘ಮಗು ಚಿಕ್ಕದಿದ್ದಾಗ್ಲೇ ನೆರವು ಅಂತ ಬರೀರಿ. ಅಷ್ಟೇ ಅಲ್ವಾ ನೀವು ಹೇಳ್ತಿರೋದು?’ ಅಷ್ಟೇ ಆಗಿತ್ತು. ಕರಪತ್ರದ ತಲೆಬರಹವೇ ಅದಾಯಿತು.

ಅದಾದ ಮೇಲೆ ಆರೋಗ್ಯದ ಬರಹಗಳಲ್ಲಿ ಈ ಪದ ಬಂದರೆ ನಾನು ಒಂದೇ ಪದ ಹುಡುಕುವುದನ್ನು ಬಿಟ್ಟೆ. ನೆರವು, ಆರೈಕೆ, ಚಿಕಿತ್ಸೆ, ತರಬೇತಿ, ಏನು ಮಾಡುತ್ತಾರೋ ಅದನ್ನೇ ಬರೆಯುತ್ತೇನೆ. ‘ಇಂಟರ್ವೆನ್ಷನಲ್ ಕಾರ್ಡಿಯಾಲಜಿಸ್ಟ್’ ಅನ್ನುವ ಬೋರ್ಡು ಮಾತ್ರ ಹಾಗೇ ಬಿಡುತ್ತೇನೆ, ಪಕ್ಕದಲ್ಲಿ ಒಂದು ಸಾಲು ಸೇರಿಸಿ: ಎದೆ ಸೀಳದೆ, ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೃದಯದ ತಡೆ ಬಿಡಿಸುವವರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಸಲ ಹೃದಯದ ರಕ್ತನಾಳಕ್ಕೆ ಬಲೂನ್ ಹಾಕಿ ಹಿಗ್ಗಿಸಿದ ಮೇಲೆ ಬೆಳೆದ ವೈದ್ಯ ಶಾಖೆ ಅದು. ಇಲ್ಲೂ ‘ಬಿಡಿಸು’ ಬಂತು ಅನ್ನುವುದು ನನಗೆ ಖುಷಿ.

‘ಮೀಡಿಯೇಷನ್’ ಬಗ್ಗೆಯೂ ಕೇಳುವವರಿದ್ದಾರೆ. ಅದು ಸುಲಭ. ಲ್ಯಾಟಿನ್‌ನ ‘ಮೀಡಿಯಸ್’, ಸಂಸ್ಕೃತದ ‘ಮಧ್ಯ’ ಒಂದೇ ಬೇರಿನವು. ಹಾಗಾಗಿ ‘ಮಧ್ಯಸ್ಥಿಕೆ’ ಅಂದರೆ ಬೇರೂ ಸರಿ, ಅರ್ಥವೂ ಸರಿ. 2023ರಲ್ಲಿ ಬಂದ ಮಧ್ಯಸ್ಥಿಕೆ ಕಾಯ್ದೆಯ ಹೆಸರಿನಲ್ಲಿರುವುದೂ ಇದೇ. ಮಧ್ಯಸ್ಥ ಅಂದರೆ ನಡುವೆ ನಿಂತಿರುವವನು. ಬಂದವನಲ್ಲ, ನಿಂತವನು. ಎರಡೂ ಕಡೆಯವರು ಒಪ್ಪಿ ನಿಲ್ಲಿಸಿಕೊಂಡವನು. ಇದನ್ನು ‘ಇಂಟರ್ವೀನ್’ಗೆ ಬಳಸಿದರೆ ಇಬ್ಬರೂ ಒಪ್ಪಿದ್ದಾರೆ ಅನ್ನುವ ಅರ್ಥ ಸುಮ್ನೆ ಬಂದುಬಿಡುತ್ತದೆ. ಅದಕ್ಕೇ ನಾನು ಬಳಸುವುದಿಲ್ಲ.

‘ಇಂಟರ್ವಲ್’ ನೋಡಲು ಅಕ್ಕತಂಗಿಯ ಹಾಗಿದ್ದರೂ ಬೇರೆ ಮನೆಯದು. ಎರಡು ಕೋಟೆಗೋಡೆಗಳ ನಡುವಿನ ಜಾಗ ಅಂತ ಅದರ ಮೂಲ ಅರ್ಥ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ನಡೆದಾಡಿದವರಿಗೆ ಅದು ಕಾಲಿಗೇ ಗೊತ್ತಿರುತ್ತದೆ.

ಇಷ್ಟು ವರ್ಷ ಮನುಷ್ಯರು ನಡುವೆ ಬರುವ ವಾಕ್ಯಗಳಲ್ಲೇ ನಾನು ಜಾಸ್ತಿ ಗುದ್ದಾಡಿದ್ದು. ಆದರೆ ಈ ಕ್ರಿಯಾಪದಕ್ಕೆ ಮನುಷ್ಯರೇ ಬೇಕಿಲ್ಲ. ಮಳೆ ‘ಇಂಟರ್ವೀನ್’ ಮಾಡಬಹುದು. ಹಬ್ಬ, ಸಾವು, ಹತ್ತು ವರ್ಷ, ಒಂದು ಬೆಟ್ಟ ‘ಇಂಟರ್ವೀನ್’ ಮಾಡಬಹುದು. ಜಾಗದ ಮಾತಾದರೆ ಕಷ್ಟವಿಲ್ಲ, ‘ಎರಡು ಊರಿನ ನಡುವೆ ಒಂದು ಗುಡ್ಡ ಇದೆ’ ಅಂದರೆ ಮುಗಿಯಿತು. ಕಾಲದ ಮಾತಿಗೆ ಬಹಳ ದಿನ ಒದ್ದಾಡಿದೆ. ‘ಮಳೆ ಅಡ್ಡ ಬಂತು’ ಅನ್ನಬಹುದು, ಆದರೆ ಎಲ್ಲ ಕಡೆ ಅದು ಹೊಂದುವುದಿಲ್ಲ. ಮಳೆಗೆ ಯಾರ ಮೇಲೂ ಹಗೆ ಇಲ್ಲ.

ಹೋದ ತಿಂಗಳು ಗೆಳತಿಯೊಬ್ಬಳು ತನ್ನ ತಾತನ ಡೈರಿ ತಂದುಕೊಟ್ಟಳು. ಹಳೇ ಕಾಲದ ಶಾಲೆ ಮೇಷ್ಟ್ರು, ಇಂಗ್ಲಿಷಿನಲ್ಲೇ ಬರೆದಿದ್ದಾರೆ. ಹಾಸನದ ಕಡೆ ಒಂದು ಊರಿಗೆ ನಡೆದು ಹೋಗುವಾಗ ಹೇಮಾವತಿ ಹೊಳೆ ದಾಟಬೇಕಿತ್ತಂತೆ. ಅಲ್ಲಿ ಅವರು ಬರೆದದ್ದು, ರಾತ್ರಿ ‘ಇಂಟರ್ವೀನ್’ ಮಾಡಿತು, ನಾವು ದಾಟಲಿಲ್ಲ ಅಂತ. ಕಾಗದ ಮುಂದಿಟ್ಟುಕೊಂಡು ಕೂತೆ. ಬಂದದ್ದು ಯಾರು? ರಾತ್ರಿ. ಕರೆದಿದ್ದರಾ? ಇಲ್ಲ. ಬಂದು ಏನು ಮಾಡಿತು? ಏನೂ ಇಲ್ಲ, ಬಂತು ಅಷ್ಟೇ. ಎರಡು ಸಾಲು ಬರೆದೆ.

‘ಅಷ್ಟರಲ್ಲಿ ಕತ್ತಲಾಯಿತು. ಹೊಳೆ ದಾಟಲಿಲ್ಲ.’

ಗೆಳತಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಚಿಕ್ಕವಳಿದ್ದಾಗ ತಾತ ಈ ಕಥೆ ಹೇಳುತ್ತಿದ್ದರಂತೆ. ‘ಅವರು ಕನ್ನಡದಲ್ಲಿ ಹೇಳುವಾಗ ಇದೇ ಮಾತು ಕಣೇ’ ಅಂದಳು. ‘ಅಷ್ಟರಲ್ಲಿ ಕತ್ತಲಾಯ್ತು ಮಗಾ, ದಡದಲ್ಲೇ ಮಲಗಿದ್ವಿ, ಅಂತಿದ್ರು.’